ಐದು ಮಂದಿ ಎಳೆಯ ಮಕ್ಕಳು

೧೦ ಜನವರಿ ೨೦೨೫, ಶುಕ್ರವಾರ. ಬೆಳಿಗ್ಗೆ ೬.೪೦

ಸಮುದ್ರದಂಚಿನ ನಡಿಗೆ ಮುಗಿಯಿತು. ನಲವತ್ತು ನಿಮಿಷ. ಎಡ ಮಂಡಿ ಸಹಕರಿಸಲಿಲ್ಲ. ಸಕ್ಕರೆಯಿಲ್ಲದ ಕಾಫಿ. ಪೆನ್ನಿಗೆ ಇಂಕು ತುಂಬಿದ್ದಾಯಿತು. ಮೇಜಿನ ಮೇಲೆ ಅಲಿಶಾ ಕೊಟ್ಟ ಕಟ್ಟು ನಿನ್ನೆಯಿಂದ ಕಾಯುತ್ತಿದೆ.

ಅಲಿಶಾ ಎದುರು ಮನೆಯ ಹುಡುಗಿ. ಇಲ್ಲಿ ಕುವೈತಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ತಂದೆ ಮಂಗಳೂರಿನ ಕ್ರೈಸ್ತರು, ತಾಯಿ ಸಿಡ್ನಿಯವರು. ಕನ್ನಡ ತಂದೆಯಿಂದ ಬಂದದ್ದು, ಅಷ್ಟಿಷ್ಟು. ನನ್ನನ್ನು ಅಜ್ಜ ಎನ್ನುತ್ತಾಳೆ. ನಮ್ಮ ತುಮಕೂರಿನ ಕಡೆ ತಾತ. ತಿದ್ದಲಿಲ್ಲ.

"ಅಜ್ಜ, ಈ ಹ್ಯಾಂಡ್‌ರೈಟಿಂಗ್ ನಂಗೆ ಓದ್ಲಿಕ್ಕೇ ಬರುದಿಲ್ಲ. ನೂಡಲ್ಸ್ ಹಾಗೆ ಉಂಟು. ನೀವು ಕೋರ್ಟಿನಲ್ಲಿ ಇದೇ ಕೆಲಸ ಮಾಡ್ತಿದ್ರಿ ಅಂತ ಅಜ್ಜಿ ಹೇಳಿದ್ರು."

ಹೌದು. ೧೯೬೮ರಿಂದ ಒಂಬತ್ತು ವರ್ಷ ಜಿಲ್ಲಾ ನ್ಯಾಯಾಲಯದ ನಕಲು ಶಾಖೆ. ಆಮೇಲೆ ಕುವೈತ್, ಹಡಗು ಕಂಪನಿಯೊಂದರಲ್ಲಿ ಟೈಪಿಸ್ಟ್. ಸಂಜೆಯ ಹೊತ್ತು ಜನರಿಗೆ ಅರ್ಜಿ ಬರೆದುಕೊಡುವುದು. ಈ ಊರಿನಲ್ಲಿ ನನ್ನ ಅರ್ಜಿ ಹಿಡಿದು ರಜೆ ಪಡೆದವರು, ವೀಸಾ ಬದಲಿಸಿದವರು, ಸೆರೆಯಿಂದ ಬಿಡುಗಡೆಯಾದವರು ಇದ್ದಾರೆ. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮೂವತ್ತೊಂದು ಹಾಳೆ. ಸಿಡ್ನಿಯ ದಾಖಲೆಗಳ ಜೆರಾಕ್ಸು. ಅಲಿಶಾಳ ತಾಯಿಯ ಕಡೆಯ ಮೂಲಪುರುಷ ತಿಮೊತಿ ಹ್ಯಾಕೆಟ್, ಐರ್ಲೆಂಡಿನವನು. ಹಸುವಿನ ಕರು ಕದ್ದು ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಕೈದಿ. ಅವಳ ಅಜ್ಜಿಗೆ ಈಸ್ಟರ್ ಹೊತ್ತಿಗೆ ತೊಂಬತ್ತು ತುಂಬುತ್ತದೆ. ಇಡೀ ವಂಶ ಒಂದೆಡೆ ಸೇರುತ್ತದೆ. ಆ ದಿನ ಕೊಡಲು ಇವುಗಳ ಶುದ್ಧಪ್ರತಿ ಬೇಕು, ಕೈಬರಹದಲ್ಲೇ. ಫೆಬ್ರವರಿ ಮುಗಿಯುವುದರೊಳಗೆ.

ಅವಳು ಹೋದ ಮೇಲೆ ನನ್ನ ಹೆಂಡತಿ ಭಾಗೀರಥಮ್ಮ ಅಂದಳು: "ಕಳ್ಳನ ಮನೆತನ ಅಂತ ಹೇಳ್ಕೊಳ್ಳೋಕೆ ಈ ಹುಡುಗಿಗೆ ಅದೆಷ್ಟು ಖುಷಿ ನೋಡಿ. ನಿಮ್ಮ ಚಿಕ್ಕಪ್ಪ ಮೂರು ದಿನ ಠಾಣೇಲಿ ಕೂತಿದ್ದಕ್ಕೆ ನಮ್ಮ ಮದುವೆ ಕಾಗದದಲ್ಲಿ ಅವರ ಹೆಸರೇ ಬಿಟ್ಟಿದ್ರಿ."

ಕಟ್ಟು ಬಿಚ್ಚಿ ಹಾಳೆ ಎಣಿಸತೊಡಗಿದೆ.

ನಕಲು ಶಾಖೆಯ ನಿಯಮ ಒಂದೇ. ಮೂಲದಲ್ಲಿರುವ ಅಕ್ಷರ ಬಿಡಬಾರದು, ಇಲ್ಲದ ಅಕ್ಷರ ಸೇರಿಸಬಾರದು. ತಪ್ಪಿದ್ದರೆ ತಪ್ಪೇ ಬರಬೇಕು.

೧೩ ಜನವರಿ, ಸೋಮವಾರ. ಬೆಳಿಗ್ಗೆ ೧೦

ಆರು ಹಾಳೆ ಮುಗಿದವು. ಶಿಕ್ಷೆಯ ಆಜ್ಞೆ, ಐರ್ಲೆಂಡಿನ ಟಿಪರೆರಿ, ೧೮೩೨. ಏಳು ವರ್ಷ. ಹಡಗಿನ ಪಟ್ಟಿ: ಎತ್ತರ ಐದಡಿ ನಾಲ್ಕಂಗುಲ, ಬಲಗೈ ಕಿರುಬೆರಳು ಸೊಟ್ಟ, ಓದುಬರಹ ಇಲ್ಲ, ವಿವಾಹಿತ.

ಏಳನೆಯದು ಅರ್ಜಿ. ೧೮೩೬, ಗವರ್ನರ್ ಸನ್ನಿಧಾನಕ್ಕೆ. ಹೆಂಡತಿಯನ್ನು ಸರ್ಕಾರದ ಹಡಗಿನಲ್ಲಿ ಕರೆಸಿಕೊಡಬೇಕೆಂಬ ಪ್ರಾರ್ಥನೆ. ಆಗ ಅಂಥ ಸೌಲಭ್ಯವಿತ್ತಂತೆ, ಸನ್ನಡತೆಯ ಕೈದಿಗಳಿಗೆ. ಎರಡು ಸಲ ಓದಿದೆ. ಮೂರನೆಯ ಸಲ ಗಟ್ಟಿಯಾಗಿ ಓದಿದೆ. ಕನ್ನಡದಲ್ಲಾದರೆ ಹೀಗೆ ಬರುತ್ತಿತ್ತು:

'ಅತ್ಯಂತ ವಿನಮ್ರನಾದ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ, ದುರ್ದೈವವಶಾತ್ ಕಾನೂನಿನ ಶಿಕ್ಷೆಗೆ ಗುರಿಯಾಗಿ, ಈ ನಾಡಿಗೆ ಬಂದಂದಿನಿಂದ ನಿಷ್ಕಳಂಕನಾಗಿ ನಡೆದುಕೊಂಡಿರುತ್ತಾನೆ, ಅವನ ಪತ್ನಿ ಹಾನೋರಾ ಮತ್ತು ಐದು ಮಂದಿ ಎಳೆಯ ಮಕ್ಕಳು ದಿಕ್ಕಿಲ್ಲದೆ ಹಸಿವಿನಿಂದ ನರಳುತ್ತಿರುತ್ತಾರೆ, ಆದಕಾರಣ…'

ಇದು ನನ್ನ ಭಾಷೆ. ಎಲ್ಲಿಯ ಟಿಪರೆರಿ, ಎಲ್ಲಿಯ ತುಮಕೂರು. ಆದರೂ ವಾಕ್ಯ ಬಾಗುವ ರೀತಿ ಒಂದೇ.

ಕೆಳಗೆ ಅಡ್ಡ ಗೆರೆಯ ಮೇಲೆ ಉದ್ದ ಗೆರೆ. ಹ್ಯಾಕೆಟನ ಗುರುತು. ಅದರ ಪಕ್ಕದಲ್ಲಿ: 'ಓದಿ ಹೇಳಲಾಗಿ ಒಪ್ಪಿ ಗುರುತು ಹಾಕಿದ್ದು.' ಹೆಬ್ಬೆಟ್ಟುಗಳ ಪಕ್ಕದಲ್ಲಿ ಈ ಸಾಲನ್ನು ನಾನು ಎಷ್ಟು ಸಾವಿರ ಸಲ ಬರೆದಿರಬಹುದು.

ಅಲಿಶಾ ಹೇಳಿದಳು: ಆ ಐದೂ ಮಕ್ಕಳು ಹಸಿವಿನಿಂದ ಸತ್ತರೆಂದು ಮನೆಯ ನಂಬಿಕೆ. ಅಜ್ಜಿ ಪ್ರತಿ ಈಸ್ಟರ್‌ಗೆ ಅವರಿಗಾಗಿ ಐದು ಮೇಣದಬತ್ತಿ ಹಚ್ಚುತ್ತಾರೆ.

೧೭ ಜನವರಿ, ಶುಕ್ರವಾರ. ಮಧ್ಯಾಹ್ನ ೧೨.೧೫

ಎರಡು ವರ್ಷದ ನಂತರ ಒಂದು ಅರ್ಜಿ.

ಈಗ ಎಲ್ಲವೂ ಫೋನಿನೊಳಗೆ. ನನ್ನನ್ನು ಕೇಳುವವರಿಲ್ಲ. ಬೆಳಿಗ್ಗೆ ಕೆಳಗಿನ ಬಕಾಲಾದ, ಎಂದರೆ ದಿನಸಿ ಅಂಗಡಿಯ, ಉಮ್ಮರ್ ಕುಂಞಿಯವರ ಫೋನು. "ಸಾರ್, ನಮ್ಮ ಊರಿನ ಕಡೆಯ ಒಂದು ಹೆಂಗಸು ಬಂದಿದ್ದಾರೆ. ಅರ್ಜಿ ಬೇಕಂತೆ. ಮೇಲೆ ಕಳಿಸ್ಲಾ?" ಅಂಗಿ ಬದಲಿಸಿ ಮೇಜಿನ ಮುಂದೆ ಕುಳಿತೆ.

ಹೆಸರು ಬೀಪಾತುಮ್ಮ. ಐವತ್ತರ ಆಸುಪಾಸು. ಸಲ್ವಾ ಬಡಾವಣೆಯಲ್ಲಿ ಒಬ್ಬ ಕುವೈತಿ ಹೆಂಗಸಿನ ಮನೆಯಲ್ಲಿ ಅಡುಗೆ. ಮನೆಯೊಡತಿ ನಿವೃತ್ತ ಹೆಡ್‌ಮಿಸ್ಟ್ರೆಸ್, ವಿಧವೆ, ಇಂಗ್ಲಿಷ್ ಓದಬಲ್ಲರು. ಇಲ್ಲಿಯ ಕೆಲಸದವರು ಮನೆಯೊಡತಿಯನ್ನು ಕರೆಯುವುದು ಮಾಮಾ ಎಂದು.

"ಮಾಮಾ ಒಳ್ಳೆಯವರು ಸಾರ್. ಆದ್ರೆ ಅವರ ಮುಖ ನೋಡಿದ್ರೆ ನನಗೆ ಮಾತು ನಿಂತುಹೋಗ್ತದೆ. ಬರ್ದು ಕೊಟ್ರೆ ಓದ್ತಾರೆ. ಎರಡು ತಿಂಗಳು ರಜೆ ಬೇಕು."

"ಕಾರಣ?"

"ಕಾರಣ ಎಂತ… ಈ ಸಲದ ಉಪವಾಸ ಊರಲ್ಲಿ ಹಿಡೀಬೇಕು ಅಂತ. ಆರು ವರ್ಷ ಆಯ್ತು, ಸಂಜೆ ಉಪವಾಸ ಬಿಡುವ ಮಗ್ರಿಬ್ ಬಾಂಗ್ ಆಗುವಾಗ ನಾನು ಒಲೆಯ ಮುಂದೆ ನಿಂತೇ ಇರುದು. ಒಂದು ಸಲ ನನ್ನ ಕೈಗೆ ಯಾರಾದ್ರು ಖರ್ಜೂರ ತಂದು ಕೊಡ್ಬೇಕು. ಮಗಳು ಶಮೀಮಾ ಗಂಜಿ ಮಾಡ್ತಾಳೆ. ನಾನು ಸುಮ್ಮನೆ ಕೂತ್ಕೊಳ್ಬೇಕು. ಅಷ್ಟೇ."

ಇದು ಕಾರಣವಾಗುವುದಿಲ್ಲ ಎಂದೆ. ಯಾವ ಅಧಿಕಾರಿಯೂ, ಯಾವ ಯಜಮಾನರೂ ಇದಕ್ಕೆ ರಜೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ಹನ್ನೊಂದನೆಯ ಫೈಲು ತೆಗೆದೆ. ೧೯೯೪ರ ಕಾರ್ಬನ್ ಪ್ರತಿ. ಒಬ್ಬ ಡ್ರೈವರನಿಗೆ ಬರೆದದ್ದು. ನಾಲ್ಕೇ ದಿನದಲ್ಲಿ ರಜೆ. 'ಅರ್ಜಿದಾರನ ಏಕಮಾತ್ರ ಪುತ್ರಿಯು ಆಸ್ಪತ್ರೆಯಲ್ಲಿ ಚಿಂತಾಜನಕ ಸ್ಥಿತಿಯಲ್ಲಿದ್ದು, ವೈದ್ಯರು ಭರವಸೆ ಕೊಡಲಾರದವರಾಗಿದ್ದಾರೆ…' ಹೆಸರು ಮಾತ್ರ ಬದಲಿಸಿದೆ. ಇಂಗ್ಲಿಷಿನಲ್ಲಿ ಒಂದು ಪುಟ.

"ಎಂತ ಬರ್ದಿದ್ದೀರಿ ಸಾರ್?"

"ನೀವು ಕೇಳಿದ್ದನ್ನೇ. ಸ್ವಲ್ಪ ಗಟ್ಟಿಯಾಗಿ."

ಆಕೆ ಅರಬಿ ಅಕ್ಷರದಲ್ಲಿ ನಿಧಾನವಾಗಿ ಸಹಿ ಮಾಡಿದಳು, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು. ಕೆಳಗೆ ನಾನು ಎಂದಿನಂತೆ ಬರೆದೆ: 'ಓದಿ ವಿವರಿಸಲಾಗಿ ಒಪ್ಪಿ ರುಜು ಮಾಡಿದ್ದು.'

ಚೆನ್ನಾಗಿ ಬಂದಿದೆ.

೨೨ ಜನವರಿ, ಬುಧವಾರ. ಬೆಳಿಗ್ಗೆ ೧೧.೩೦

ಹನ್ನೊಂದನೆಯ ಹಾಳೆ. ಹ್ಯಾಕೆಟನ ಊರಿನ ಪಾದ್ರಿಗೆ ಸರ್ಕಾರ ವಿಚಾರಣೆ ಕಳಿಸಿದೆ. ಒಂದೂವರೆ ವರ್ಷದ ಮೇಲೆ ಉತ್ತರ: 'ಹಾನೋರಾ ಹ್ಯಾಕೆಟ್ ಬದುಕಿದ್ದಾಳೆ. ಸನ್ನಡತೆಯವಳು. ಗಂಡನ ಬಳಿಗೆ ಹೋಗಲು ಸಿದ್ಧಳಿದ್ದಾಳೆ. ಮಕ್ಕಳಿಲ್ಲ.'

ಮಕ್ಕಳಿಲ್ಲ.

ಉತ್ತರದ ಅಂಚಿನಲ್ಲಿ ಬೇರೆ ಶಾಯಿ: 'ಅರ್ಜಿಯ ಹೇಳಿಕೆ ಸುಳ್ಳು. ತಿರಸ್ಕೃತ.' ಕೆಳಗೊಂದು ಮೊಹರು.

ಏಳನೆಯ ಹಾಳೆ ಮತ್ತೆ ತೆಗೆದೆ. ಜೆರಾಕ್ಸು ಮಾಡಿದವರು ಇಡೀ ರಿಜಿಸ್ಟರಿನ ಹಾಳೆ ಮಾಡಿದ್ದಾರೆ. ಹಿಂದೆ ಮುಂದೆ ಬೇರೆ ಕೈದಿಗಳ ಅರ್ಜಿಗಳಿವೆ. ಭೂತಗನ್ನಡಿ ಹಿಡಿದು ನೋಡಿದೆ. ಹ್ಯಾಕೆಟನ ಅರ್ಜಿಯದೇ ಕೈಬರಹ. ಡೆನಿಸ್ ಎಂಬುವನಿಗೆ ಪತ್ನಿ ಮತ್ತು ಐದು ಮಂದಿ ಎಳೆಯ ಮಕ್ಕಳು. ಪ್ಯಾಟ್ರಿಕ್ ಎಂಬುವನಿಗೆ ಐದು. ಮಾರ್ಟಿನ್ — ಐದು.

ಹ್ಯಾಕೆಟ್ ಸುಳ್ಳು ಹೇಳಿಲ್ಲ. ಅವನಿಗೆ ಓದಲು ಬರುತ್ತಿರಲಿಲ್ಲ. ಯಾವುದೋ ಮರದಡಿಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಕಾಗದ ಹರಡಿ ಕುಳಿತವನ ಮುಂದೆ ನಿಂತು, ನನ್ನ ಹೆಂಡತಿಯನ್ನು ಕರೆಸಿಕೊಡಿ ಎಂದಿರುತ್ತಾನೆ. ಕುಳಿತವನು, ಅಷ್ಟಕ್ಕೇ ಯಾರು ಕರೆಸುತ್ತಾರೆ ಎಂದಿರುತ್ತಾನೆ.

ಆ ಬರೆದವನನ್ನು ನಾನು ಬಲ್ಲೆ.

ಮಧ್ಯಾಹ್ನ ೩

ಊಟ ಸೇರಲಿಲ್ಲ. ಭಾಗೀರಥಮ್ಮ ಹವಲ್ಲಿ ಮಾರುಕಟ್ಟೆಯಿಂದ ತಂದ ಅವರೆಕಾಯಿ ಬಿಡಿಸುತ್ತಿದ್ದಳು. ಹ್ಯಾಕೆಟನ ವಿಷಯ ಹೇಳಿದೆ. ಕಾಯಿಂದ ಕಣ್ಣೆತ್ತದೆ ಕೇಳಿದಳು: "ಆವತ್ತು ಬಂದಿದ್ದ ಹೆಂಗಸಿಗೆ ನೀವೇನು ಬರ್ಕೊಟ್ರಿ?"

ಹೇಳಿದೆ.

"ಚೆನ್ನಾಗಿರೋ ಮಗೂನ ಆಸ್ಪತ್ರೇಲಿ ಮಲಗಿಸಿಬಿಟ್ರಾ?"

"ಅದು ಅರ್ಜಿಯ ಕ್ರಮ ಕಣೆ. ಯಾರೂ ಅಕ್ಷರಶಃ ಓದುವುದಿಲ್ಲ."

"ಆಕೆಗೆ ಓದಿ ಹೇಳಿದ್ರಾ?"

"ಇಲ್ಲ."

ಅವಳು ಕಾಯಿ ಬಿಡಿಸುತ್ತ ಹೋದಳು.

೨೫ ಜನವರಿ, ಶನಿವಾರ

ಉಮ್ಮರ್ ಕುಂಞಿಯವರಿಗೆ ಫೋನು ಮಾಡಿದೆ. ಆ ಅರ್ಜಿ ಮನೆಯೊಡತಿಗೆ ತಲುಪಿತೇ?

"ಆವತ್ತೇ ಕೊಟ್ಟಾಯ್ತು ಸಾರ್. ಯಾಕೆ?"

"ಸುಮ್ಮನೆ ಕೇಳಿದೆ."

ಸಂಜೆ ಎರಡನೆಯ ಸಲ ನಡೆಯಲು ಹೋದೆ. ಧೂಳು. ಅರ್ಧಕ್ಕೇ ಹಿಂತಿರುಗಿದೆ.

೩೦ ಜನವರಿ, ಗುರುವಾರ. ಸಂಜೆ ೫

ಹಾಲು ತರಲು ನಾನೇ ಇಳಿದೆ. ಉಮ್ಮರ್ ಕುಂಞಿಯವರು ನಗುತ್ತಿದ್ದರು.

"ನಿಮ್ಮ ಅರ್ಜಿ ಓದಿ ಆ ಮಾಮಾ ಅತ್ತೇಬಿಟ್ರಂತೆ ಸಾರ್. ಬೀಪಾತುಮ್ಮನನ್ನು ತಬ್ಬಿಕೊಂಡ್ರಂತೆ. ಅವರ ತಂಗಿಯ ಮಗ ದೊಡ್ಡ ಡಾಕ್ಟ್ರು. ಶಮೀಮಾನ ನಂಬರ್ ಕೂಡ ತಕ್ಕೊಂಡಿದ್ದಾರೆ. ಇವಳಿಗೆ ಖುಷಿಯೇ ಖುಷಿ, ನನ್ನ ಮಗಳ ಮೇಲೆ ಮಾಮಾನಿಗೆ ಎಷ್ಟು ಪ್ರೀತಿ ಅಂತ."

ಆಗಲೇ ಹೇಳಬೇಕಿತ್ತು. ಒಂದು ವಾಕ್ಯ ಸಾಕಿತ್ತು. ಹಿಂದೆ ಇನ್ನೊಬ್ಬ ಗಿರಾಕಿ ನಿಂತಿದ್ದ. ಹಾಲಿನ ಪೊಟ್ಟಣ ತೆಗೆದುಕೊಂಡು ಬಂದೆ.

ಮನೆಗೆ ಬಂದು ಹದಿನೇಳನೆಯ ಹಾಳೆ ನಕಲು ಮಾಡಿದೆ. ೧೮೪೧. ಶಿಕ್ಷೆ ಮುಗಿದು ಹ್ಯಾಕೆಟ್ ಸ್ವತಂತ್ರ. ಕುರಿ ಸಾಕುವವರ ಬಳಿ ಕೆಲಸ. ಹತ್ತೊಂಬತ್ತು ವರ್ಷದ ಹುಡುಗಿಯನ್ನು ಮದುವೆಯಾಗಲು ಅನುಮತಿ ಕೋರಿದ್ದಾನೆ. ತನ್ನ ಸ್ಥಿತಿ: 'ವಿಧುರ.' ಹಾನೋರಾ ಸತ್ತಳೆಂಬುದಕ್ಕೆ ಕಟ್ಟಿನಲ್ಲಿ ಯಾವ ದಾಖಲೆಯೂ ಇಲ್ಲ. ಪಾದ್ರಿಯ ಉತ್ತರದ ನಂತರ ಅವಳ ಬಗ್ಗೆ ಒಂದು ಸಾಲೂ ಇಲ್ಲ.

ಹೋಗಲು ಸಿದ್ಧಳಿದ್ದಾಳೆ. ಅಲ್ಲಿಗೆ ನಿಂತಿತು.

೩ ಫೆಬ್ರವರಿ, ಸೋಮವಾರ. ಮಧ್ಯಾಹ್ನ ೨

ಉಮ್ಮರ್ ಕುಂಞಿಯವರು ಮೇಲೆ ಬಂದರು. ಈ ಹತ್ತು ವರ್ಷದಲ್ಲಿ ಮೊದಲ ಸಲ. ಕುಳಿತುಕೊಳ್ಳಲಿಲ್ಲ.

"ಎಂತ ಬರ್ದು ಕೊಟ್ಟದ್ದು ಸಾರ್ ನೀವು?"

ಆದದ್ದು ಇಷ್ಟು. ಡಾಕ್ಟರು ಶಮೀಮಾಗೆ ವಿಡಿಯೋ ಕರೆ ಮಾಡಿದರು, ಮನೆಯೊಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಶಮೀಮಾ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕುವೈತಿನಿಂದ ಉಮ್ಮನ ಮಾಮಾ ಎಂದು ತಿಳಿದು, ನಕ್ಕು, ಕ್ಲಿಪ್ಪು ಹಿಡಿದ ಕೈಯಲ್ಲೇ ಸಲಾಂ ಹೇಳಿದಳು. ಯಾವ ಆಸ್ಪತ್ರೆ ಎಂದು ಅವರು ಕೇಳಿದರು. ಯಾರಿಗೆ ಹುಷಾರಿಲ್ಲ ಎಂದು ಅವಳು ಕೇಳಿದಳು.

ಮನೆಯೊಡತಿ ಗದರಲಿಲ್ಲವಂತೆ. ಕಾಗದವನ್ನು ಮಡಚಿ ಬೀಪಾತುಮ್ಮನ ಕೈಗೆ ಕೊಟ್ಟು, ಖಲಾಸ್ ಅಂದರಂತೆ. ರಜೆ ಇಲ್ಲ. ಈದ್ ಆದ ಮೇಲೆ ಇಕಾಮಾ, ಇಲ್ಲಿರುವ ಪರವಾನಗಿ, ರದ್ದು; ಬೇರೆ ಅಡುಗೆಯವರು ಬರುತ್ತಾರೆ. ಮಗಳ ಸಾವನ್ನು ನೆಪಕ್ಕೆ ತರುವವಳ ಕೈಯಿಂದ ಉಣ್ಣಲಾರೆ ಎಂದರಂತೆ.

"ಆ ವಾಕ್ಯದಿಂದ ಹದಿನೇಳು ಮಂದಿಗೆ ರಜೆ ಸಿಕ್ಕಿದೆ" ಎಂದೆ.

"ಹದಿನೆಂಟನೆಯವಳು ಕೆಳಗೆ ನನ್ನ ಅಂಗಡಿಯಲ್ಲಿ ಕೂತಿದ್ದಾಳೆ." ಬಾಗಿಲ ಬಳಿ ತಿರುಗಿದರು. "ನಾನು ಓದಿದವನಲ್ಲ ಸಾರ್. ಆದ್ರೆ ಹಾಲು ಕೇಳಿದವರಿಗೆ ಮೊಸರು ಕೊಟ್ಟು, ಇದು ಗಟ್ಟಿ ಉಂಟು ತಕ್ಕೊಳ್ಳಿ ಅಂತ ನಾನು ಹೇಳುದಿಲ್ಲ."

ನಾನು ಕೆಳಗೆ ಇಳಿಯಲಿಲ್ಲ. ಲಿಫ್ಟ್ ಕೆಟ್ಟಿದೆ ಎಂದುಕೊಂಡೆ. ಲಿಫ್ಟ್ ಕೆಟ್ಟಿರಲಿಲ್ಲ.

೪ ಫೆಬ್ರವರಿ

ಬರೆಯಲಿಲ್ಲ.

೧೪ ಫೆಬ್ರವರಿ, ಶುಕ್ರವಾರ. ಬೆಳಿಗ್ಗೆ ೯.೨೦

ಹತ್ತು ದಿನ. ಫೈಲುಗಳನ್ನು ಕೆಳಗಿಳಿಸಿ ಧೂಳು ಹೊಡೆದೆ. ಮತ್ತೆ ಮೇಲಿಟ್ಟೆ. ಕುಳಿತಲ್ಲಿ ಕೂರಲಾಗುತ್ತಿಲ್ಲ. ಸೊಸೆ ಬೃಂದಾ ಬಿ.ಪಿ. ನೋಡಿದಳು. ನೂರ ಅರವತ್ತು. ಉಪ್ಪು ಕಡಿಮೆ ಮಾಡಿದ್ದಾಳೆ.

ಇಂದು ಹಟದಿಂದ ಕುಳಿತೆ. ಇಪ್ಪತ್ತಾರನೆಯ ಹಾಳೆ, ೧೮೪೭. ಹ್ಯಾಕೆಟ್ ಈಗ ಜಮೀನುದಾರ. ಒಂದು ತೊರೆ, ಅದರ ಎರಡೂ ದಡ, ಎಂಟುನೂರು ಕುರಿ. ಎರಡನೆಯ ಅರ್ಜಿ, ಇದೂ ಗವರ್ನರ್ ಸನ್ನಿಧಾನಕ್ಕೇ. ಕೈಬರಹ ಬೇರೆಯವರದು, ಪಳಗಿದ ಕೈ.

'ವಿನಮ್ರ ಅರ್ಜಿದಾರನೂ ಅವನ ಪತ್ನಿಯೂ ಐದು ಮಂದಿ ಎಳೆಯ ಮಕ್ಕಳೂ ಪ್ರಾಣಭಯದಲ್ಲಿರುತ್ತಾರೆ. ನೂರಕ್ಕೂ ಮೇಲ್ಪಟ್ಟು ಶಸ್ತ್ರಧಾರಿಗಳಾದ ಕಾಡುಜನರು ತೊರೆಯ ಬಳಿ ಜಮಾಯಿಸಿದ್ದು…'

ಈ ಸಲದ ಐದು ಮಕ್ಕಳು ನಿಜ. ಕಟ್ಟಿನಲ್ಲಿ ಅವರ ಜ್ಞಾನಸ್ನಾನದ ಚೀಟಿಗಳಿವೆ. ನೂರಕ್ಕೂ ಮೇಲ್ಪಟ್ಟು ಎಂಬುದು?

ತೊರೆ ಮೊದಲು ಯಾರದಾಗಿತ್ತೋ ಆ ಮೂಲನಿವಾಸಿಗಳು ನೀರಿಗೆ ಬಂದಿರಬಹುದು. ಹತ್ತು ಮಂದಿ ಇರಬಹುದು. ಹೆಂಗಸರು ಮಕ್ಕಳು ಇರಬಹುದು. ಹತ್ತು ಮಂದಿಗೆ ಯಾರೂ ಪೊಲೀಸರನ್ನು ಕಳಿಸುವುದಿಲ್ಲ. ಬರೆಯುವವನಿಗೆ ಅದು ಗೊತ್ತಿರುತ್ತದೆ.

ಅಂಚಿನಲ್ಲಿ: 'ಕುದುರೆ ಪೊಲೀಸರನ್ನು ಕಳಿಸಿದೆ.' ಮುಂದಿನ ಹಾಳೆ, ಆರು ವಾರದ ನಂತರ, ಒಂದೇ ಸಾಲಿನ ವರದಿ: 'ತೊರೆ ಈಗ ಶಾಂತವಾಗಿದೆ.'

ಪೆನ್ನು ಕೆಳಗಿಟ್ಟೆ.

ಸಂಜೆ ೪

ಅಲಿಶಾಳನ್ನು ಕರೆದು ಎರಡು ಅರ್ಜಿಯನ್ನೂ ಓದಿ ಹೇಳಿದೆ. ಹುಟ್ಟದೇ ಇದ್ದ ಐದು ಮಕ್ಕಳ ವಿಷಯಕ್ಕೆ ಮೊದಲು ನಕ್ಕಳು.

"ಅಂದ್ರೆ ಅವನು ಸರಿಯಾಗಿ ಬರ್ದಿದ್ರೆ ಹಾನೋರಾ ಬರ್ತಿದ್ರು. ನಾನು ಹುಟ್ಟುತ್ತಲೇ ಇರ್ಲಿಲ್ಲ. ಯಾರೋ ಒಬ್ಬ ರೈಟರ್‌ನ ಮಿಸ್ಟೇಕ್‌ನಿಂದ ನಾನು ಇಲ್ಲಿ ಕೂತದ್ದಾ?"

ತೊರೆಯ ವಿಷಯಕ್ಕೆ ನಗಲಿಲ್ಲ. ಹಾಳೆಯನ್ನು ತಿರುಗಿಸಿ ನೋಡಿದಳು, ಹಿಂದೆ ಇನ್ನೇನಾದರೂ ಇರಬಹುದೆಂಬಂತೆ.

"ನಾವು ಸಣ್ಣದಿರುವಾಗ ಆ ಕ್ರೀಕ್‌ನಲ್ಲಿ ಸ್ವಿಮ್ ಮಾಡ್ತಿದ್ವಿ ಅಜ್ಜ." ಹಾಳೆಯನ್ನು ನನ್ನ ಕಡೆ ತಳ್ಳಿ: "ಗ್ರ್ಯಾನಿಗೆ ತೊಂಬತ್ತು. ಇದೊಂದು ಬಿಟ್ಟುಬಿಡಿ."

"ನಕಲಿನಲ್ಲಿ ಬಿಡುವಂತಿಲ್ಲ."

"ನೀವು ಸೇರಿಸ್ತೀರಿ ಅಲ್ವಾ. ಬಿಡ್ಲಿಕ್ಕೆ ಯಾಕೆ ಆಗುದಿಲ್ಲ?"

ಬೀಪಾತುಮ್ಮನ ಸಂಗತಿ ಭಾಗೀರಥಮ್ಮ ಅವಳಿಗೆ ಹೇಳಿದ್ದಾಳೆ. ಚುಚ್ಚಲೆಂದು ಅಂದದ್ದಲ್ಲ. ತಿಳಿಯಲೆಂದೇ ಕೇಳಿದಳು. ನಾನು ಪೆನ್ನಿನ ಮುಚ್ಚಳ ತಿರುಗಿಸಿದೆ. ಅವಳು ಸಾರಿ ಅಜ್ಜ ಎಂದು ಎದ್ದು ಹೋದಳು.

೧೫ ಫೆಬ್ರವರಿ. ಬೆಳಿಗ್ಗೆ ೭

ಬಾಗಿಲ ಕೆಳಗೆ ಚೀಟಿ. ಇಂಗ್ಲಿಷಿನಲ್ಲಿ. ಎಲ್ಲವನ್ನೂ ಬರೆಯಿರಿ, ತೊರೆಯನ್ನೂ. ಅಜ್ಜಿಗೆ ನಾನೇ ಹೇಳುತ್ತೇನೆ. ಅಲಿಶಾ.

ಇಪ್ಪತ್ತೆಂಟು ವರ್ಷದ ಹುಡುಗಿ. ಒಂದು ರಾತ್ರಿ ಸಾಕಾಯಿತು. ನನಗೆ ಬೀಪಾತುಮ್ಮನ ಬಳಿ ಹೋಗಲು ಹನ್ನೆರಡು ದಿನ ಸಾಲಲಿಲ್ಲ.

೨೧ ಫೆಬ್ರವರಿ, ಶುಕ್ರವಾರ. ಮಧ್ಯಾಹ್ನ ೧

ಬೀಪಾತುಮ್ಮ ತಾನೇ ಬಂದಳು. ಉಮ್ಮರ್ ಕುಂಞಿಯವರು ಫೋನು ಮಾಡಲಿಲ್ಲ. ಭಾಗೀರಥಮ್ಮ ಕೊಟ್ಟ ನೀರು ಕುಡಿದಳು. ಕೈಚೀಲದಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

"ಓದಿ ಹೇಳಿ ಸಾರ್. ಕೆಳಗೆ ಓದಿ ಹೇಳಿದ್ದೇನೆ ಅಂತ ಬರ್ದುಂಟಂತೆ. ಮಾಮಾ ತೋರಿಸಿ ಕೇಳಿದ್ರು, ನಿನಗೆ ಓದಿ ಹೇಳಿದ್ರಾ ಅಂತ. ನಾನು ಹೌದು ಅಂದೆ. ನೀವು ಬರ್ದಿದ್ದೀರಲ್ಲ, ಇಲ್ಲ ಅಂದ್ರೆ ನಿಮ್ಮ ಮರ್ಯಾದೆ ಹೋಗ್ತದೆ."

ಓದಿದೆ. ಇಂಗ್ಲಿಷಿನ ಒಂದೊಂದು ವಾಕ್ಯ, ಅದರ ಕನ್ನಡ. ಏಕಮಾತ್ರ ಪುತ್ರಿ ಎಂಬಲ್ಲಿ ತಲೆ ಆಡಿಸಿದಳು. ವೈದ್ಯರು ಭರವಸೆ ಕೊಡಲಾರದವರು ಎಂಬಲ್ಲಿ ಓದು ನಿಲ್ಲಿಸಿದೆ. ಆಕೆ ಕಾದಳು. ಪೂರ್ತಿ ಓದಿದೆ.

ಆಕೆ ತನ್ನ ಸಹಿಯ ಮೇಲೆ ಬೆರಳಿಟ್ಟಳು.

"ಅವಳು ಹುಟ್ಟುವಾಗ ಮನೆಯಲ್ಲಿ ನಾನು ಒಬ್ಬಳೇ ಇದ್ದದ್ದು ಸಾರ್. ಇಂಥ ಮಾತು ನಾನು ಅವಳ ಬಗ್ಗೆ ಕನಸಲ್ಲಿ ಕೂಡ ಆಡಿದವಳಲ್ಲ. ಈಗ ಅದರ ಕೆಳಗೆ ನನ್ನ ಸಹಿ ಉಂಟು."

"ತಪ್ಪಾಯಿತಮ್ಮ" ಎಂದೆ.

"ಕೆಲಸ ಹೋದ್ರೆ ಹೋಗ್ಲಿ. ಮಾಮಾ ನನ್ನ ಮುಖ ನೋಡುದಿಲ್ಲ. ಆರು ವರ್ಷ ನಾನು ಉಪ್ಪು ಸರಿ ಉಂಟಾ ಅಂತ ಅವರಿಗೇ ನೋಡ್ಲಿಕ್ಕೆ ಕೊಡ್ತಿದ್ದದ್ದು. ಈಗ ಚಮಚ ಹಿಡಿದ್ರೆ ಆಚೆ ತಿರುಗ್ತಾರೆ."

ಕಾಗದವನ್ನು ಅಲ್ಲೇ ಬಿಟ್ಟು ಹೋದಳು.

೨೨ ಫೆಬ್ರವರಿ, ಶನಿವಾರ. ಬೆಳಿಗ್ಗೆ ೮

ಮನೆಯೊಡತಿಗೆ ಒಂದು ಕ್ಷಮಾಪಣೆಯ ಪತ್ರ ಬರೆಯಲು ಕುಳಿತೆ. 'ಈ ಕೆಳಗೆ ರುಜು ಮಾಡಿರುವ ವಯೋವೃದ್ಧನು, ಎಪ್ಪತ್ತೇಳರ ಇಳಿವಯಸ್ಸಿನಲ್ಲಿ, ಅನಾರೋಗ್ಯಪೀಡಿತನಾಗಿ…'

ಅನಾರೋಗ್ಯಪೀಡಿತನಾಗಿ. ಕೈ ತಾನಾಗಿಯೇ 'ಹಾಸಿಗೆ ಹಿಡಿದು' ಎಂದು ಮುಂದುವರಿಸುತ್ತಿತ್ತು. ಹರಿದೆ. ಇನ್ನೊಂದು ಬರೆದೆ. ಅದನ್ನೂ ಹರಿದೆ. ನನಗೆ ಬೇರೆ ರೀತಿ ಬರೆಯಲು ಬರುವುದಿಲ್ಲ. ಐವತ್ತೇಳು ವರ್ಷ.

ಭಾಗೀರಥಮ್ಮ ಚೂರುಗಳನ್ನು ಗುಡಿಸುತ್ತ ಅಂದಳು: "ಕಾಗದ ಬೇಡ. ಹೋಗಿ ಬನ್ನಿ. ನಡೆಯೋಕೆ ದಿನಾ ಹೋಗ್ತೀರಲ್ಲ, ಇವತ್ತು ಆ ಕಡೆ ನಡೀರಿ."

"ಅವರು ಬಾಗಿಲು ತೆರೆಯದಿದ್ದರೆ?"

"ಹಿಂದಕ್ಕೆ ಬನ್ನಿ. ಹುಳಿ ಮಾಡಿಟ್ಟಿರ್ತೀನಿ."

ಹೋಗಲಿಲ್ಲ. ರಾಷ್ಟ್ರೀಯ ದಿನದ ರಜೆ ಎದುರಿಗಿದೆ, ದಾರಿಯಲ್ಲಿ ಗದ್ದಲ, ಅದು ಮುಗಿಯಲಿ ಎಂದೆ. ಅವಳು ಕ್ಯಾಲೆಂಡರಿನಲ್ಲಿ ಗುರುವಾರಕ್ಕೆ ಸುತ್ತು ಹಾಕಿದಳು.

೨೬ ಫೆಬ್ರವರಿ, ಬುಧವಾರ. ಬೆಳಿಗ್ಗೆ ೧೧

ಮೂವತ್ತೊಂದೂ ಹಾಳೆ ಮುಗಿದವು. ಅಲಿಶಾಳೊಂದಿಗೆ ತಾಳೆ ನೋಡಿದೆ. ನಾನು ಮೂಲ ಹಿಡಿದು ಗಟ್ಟಿಯಾಗಿ ಓದುವುದು, ಅವಳು ನಕಲಿನ ಮೇಲೆ ಬೆರಳಿಟ್ಟು ಬರುವುದು. ನಕಲು ಶಾಖೆಯಲ್ಲಿ ಹೀಗೇ ಮಾಡುತ್ತಿದ್ದೆವು. 'ಶಾಂತವಾಗಿದೆ' ಎಂಬಲ್ಲಿ ಅವಳ ಬೆರಳು ನಿಂತಿತು. ಕಾದೆ. ಮುಂದೆ ಸರಿಯಿತು.

"ಮಮ್ಮಿ ಕೇಳ್ತಾರೆ ಅಜ್ಜ, ಆ ಐದು ಕ್ಯಾಂಡಲ್ ಏನು ಮಾಡುದು ಅಂತ."

ತಿಳಿಯದು ಎಂದೆ. ನನಗೆ ನಿಜವಾಗಿ ತಿಳಿಯದು.

ಕೊನೆಯಲ್ಲಿ ದೃಢೀಕರಣ ಬರೆಯಬೇಕು. 'ಮೂಲದೊಂದಿಗೆ ತಾಳೆ ನೋಡಲಾಗಿ ಸರಿಯಿದೆ.' ಬರೆಯುವ ಮೊದಲು ಮೊದಲ ಹಾಳೆಯಿಂದ ಇನ್ನೊಮ್ಮೆ ತಾಳೆ ನೋಡಿಸಿದೆ. ಅವಳು ಗೊಣಗಿದಳು. ಆಮೇಲೆ ಬರೆದೆ.

೨೭ ಫೆಬ್ರವರಿ, ಗುರುವಾರ. ಸಂಜೆ ೪.೨೦. ಸಲ್ವಾ

ಇದನ್ನು ಆ ಮನೆಯ ಮುಂಗೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಉಮ್ಮರ್ ಕುಂಞಿಯವರು ತಮ್ಮ ಡೆಲಿವರಿ ವ್ಯಾನಿನಲ್ಲಿ ಕರೆತಂದರು. ಇಳಿಯುವಾಗ, "ನಾನು ಹೊರಗೆ ಇರ್ತೇನೆ ಸಾರ್. ಓಡಿ ಬರ್ಬೇಕಾದ್ರೆ ಬಾಗಿಲು ತೆಗೆದೇ ಇಡ್ತೇನೆ" ಎಂದರು. ಇಪ್ಪತ್ತನಾಲ್ಕು ದಿನದ ನಂತರ ಅವರ ಮೊದಲ ನಗು.

ನಾಳೆ ಸಂಜೆ ಚಂದ್ರ ಕಾಣಬಹುದು. ಮನೆಯಲ್ಲೆಲ್ಲ ಹುರಿದ ಗೋಧಿಯ ವಾಸನೆ.

ಮನೆಯೊಡತಿ ಬಂದರು. ಬಿಳಿ ಕೂದಲು, ಕನ್ನಡಕಕ್ಕೆ ಸರಪಳಿ. ಅರಬಿಯಲ್ಲಿ ಕಟ್ಟಿಕೊಂಡು ಬಂದಿದ್ದ ಪೀಠಿಕೆ ಪೂರ್ತಿ ಮರೆತುಹೋಯಿತು. ಉಳಿದದ್ದು ಮಾರುಕಟ್ಟೆಯ ಅರಬಿ. ತಪ್ಪು ನನ್ನದು ಎಂದೆ. ಆಕೆ ಹಾಗೆ ಹೇಳಲಿಲ್ಲ, ನಾನು ಬರೆದೆ. ಆಕೆಗೆ ಓದಿ ಹೇಳಲಿಲ್ಲ, ಹೇಳಿದೆನೆಂದು ಬರೆದೆ. ನನ್ನ ಮರ್ಯಾದೆ ಉಳಿಸಲು ಆಕೆ ನಿಮ್ಮೆದುರು ಹೌದು ಅಂದಳು. ನಾಲ್ಕು ವಾಕ್ಯ. ನಿಂತೇ ಹೇಳಿದೆ.

ಅವರು ಕುಳಿತುಕೊಳ್ಳಲು ಕೈ ತೋರಿದರು.

"ಮೂವತ್ತೈದು ವರ್ಷ ಮಕ್ಕಳ ರಜಾಚೀಟಿ ಓದಿದ್ದೇನೆ" ಎಂದರು. "ಎಲ್ಲ ಚೀಟಿಯಲ್ಲೂ ಅಜ್ಜಿ ಸಾಯುತ್ತಿದ್ದಳು. ಒಂದನ್ನೂ ನಂಬಿದವಳಲ್ಲ. ನಿಮ್ಮದು ತುಂಬ ಚೆನ್ನಾಗಿತ್ತು. ನಾನು ಎರಡು ರಾತ್ರಿ ದುವಾ ಮಾಡಿದೆ."

ತಲೆ ತಗ್ಗಿಸಿದೆ.

"ಅವಳು ಹೇಳಿದ್ದೇನು?"

ಆಕೆ ಹೇಳಿದ್ದು ಎಂದು ಆರಂಭಿಸಿದೆ. ಅವರು ಕೈ ಎತ್ತಿದರು.

"ನೀವಲ್ಲ. ಅವಳು ಹೇಳಲಿ. ನನ್ನೆದುರು ಅವಳಿಗೆ ಮಾತು ಬರುವುದಿಲ್ಲ, ನಾನು ಒಳಗೆ ಹೋಗುತ್ತೇನೆ. ನೀವು ಬರೆಯಿರಿ. ಅವಳ ಭಾಷೆಯಲ್ಲಿ ಮೊದಲು, ಕೆಳಗೆ ಇಂಗ್ಲಿಷಿನಲ್ಲಿ. ಓದಿ ಹೇಳಿ. ಆಮೇಲೆ ತನ್ನಿ."

ಬಾಗಿಲ ಬಳಿ ನಿಂತು ಅಂದರು: "ರಂಜಾನ್ ಅಂದರೆ ಮೂವತ್ತು ದಿನ. ಮೊದಲನೆಯ ದಿನ ತಪ್ಪಿದರೆ ಎಲ್ಲ ತಪ್ಪಿತು ಎಂದಲ್ಲ." ಕೊಡುತ್ತೇನೆ ಎನ್ನಲಿಲ್ಲ. ಕೊಡುವುದಿಲ್ಲ ಎಂದೂ ಅನ್ನಲಿಲ್ಲ.

ಕಾಗದ ತಂದಿಲ್ಲ. ಫೈಲೂ ತಂದಿಲ್ಲ. ಈ ದಿನಚರಿಯ ಪುಸ್ತಕವೊಂದೇ ಇದೆ. ಈ ಪುಟದಲ್ಲೇ ಬರೆದು ಹರಿದುಕೊಡಬೇಕು.

ಬೀಪಾತುಮ್ಮ ಬಂದಳು. ಮೊಣಕೈವರೆಗೂ ಹಿಟ್ಟು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಕೂರಿ ಎಂದೆ. ಕುರ್ಚಿಯ ತುದಿಯಲ್ಲಿ ಕುಳಿತಳು.

"ಎಲ್ಲಿಂದ ಹೇಳ್ಲಿ ಸಾರ್?"

"ಎಲ್ಲಿಂದಾದರೂ ಹೇಳಿ."

"ನೀವೇ ಚಂದ ಮಾಡಿ ಬರೀರಿ."

"ಇಲ್ಲಮ್ಮ. ನನಗೆ ಬರುವುದಿಲ್ಲ. ನೀವು ಹೇಳಿ, ನಾನು ನಕಲು ಮಾಡುತ್ತೇನೆ."

ಕೈಯ ಹಿಟ್ಟನ್ನು ಉಜ್ಜಿಕೊಂಡಳು. ಕಿಟಕಿಯ ಕಡೆ ನೋಡಿದಳು. ಈಗ ಹೇಳುತ್ತಿದ್ದಾಳೆ, ನಿಧಾನವಾಗಿ, ನನ್ನ ಪೆನ್ನು ಹಿಂಬಾಲಿಸಲಿ ಎಂದು ನಿಂತು ನಿಂತು —

ಮಾಮಾ. ನನಗೆ ಎಂತ ಕಷ್ಟವೂ ಇಲ್ಲ. ಮಗಳು ಹುಷಾರಿದ್ದಾಳೆ. ಬಾಂಗ್ ಆಗುವಾಗ ನಾನು ಒಂದು ಸಲ ಕೂತು…